ನಾಲ್ಕನೆಯ ಬಟ್ಟಲು

"ಅಯ್ಯನವರೇ, ಮೂವರಿಗೆ ತಿಳಿದ ಮೇಲೂ ನಾಲ್ಕನೆಯವನಿಗಾಗಿ ಅದೇ ಪಾಠವನ್ನು ಹತ್ತು ಸಲ ಹೇಳುವುದು ನ್ಯಾಯವೇ?"

ಕೇಳಿದವನು ಚನ್ನಮಲ್ಲ. ಬೆಟ್ಟದ ಬುಡದ ಮಠದಲ್ಲಿ ಅಯ್ಯನವರ ಬಳಿ ಓದುತ್ತಿದ್ದ ನಾಲ್ವರಲ್ಲಿ ಅವನೇ ಚುರುಕು. ಹಾಗೆಂದು ಊರೂ ಹೇಳುತ್ತಿತ್ತು, ಅವನೂ ಹೇಳುತ್ತಿದ್ದ. ಅಯ್ಯನವರು ಒಂದು ಮಾತಿಗೆ ಅರ್ಥ ಹೇಳಿದರೆ ಅದು ಅವನ ಪುಸ್ತಕದಲ್ಲಿ ಮುತ್ತು ಪೋಣಿಸಿದಂತೆ ಇಳಿಯುತ್ತಿತ್ತು. ಮೂರು ವರ್ಷದಲ್ಲಿ ಒಂದು ಗೀಟಿಲ್ಲ, ಒಂದು ಚಿತ್ತಿಲ್ಲ. ಪಕ್ಕದಲ್ಲಿ ಕೂರುವ ಪುಟ್ಟಮಾದನ ಪುಸ್ತಕವೋ ಕೋಳಿ ಕೆದರಿದ ತಿಪ್ಪೆ. ಬರೆದದ್ದನ್ನು ಹೊಡೆದುಹಾಕಿ, ಅದರ ಮೇಲೆ ಮತ್ತೆ ಬರೆದು, ಅದನ್ನೂ ಹೊಡೆದುಹಾಕುವವನು ಅವನು. "ಇಷ್ಟು ದಿವಸ ಇದನ್ನ ತಪ್ಪು ತಿಳ್ಕೊಂಡಿದ್ದೆ ಕನ್ರಯ್ಯ" ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ. ಹೇಳಿದಾಗಲೆಲ್ಲ ಅಯ್ಯನವರು ಮೊದಲಿನಿಂದ ಶುರು ಮಾಡುತ್ತಿದ್ದರು.

ಮೇಲಿನ ಊರಿನ ಮಕ್ಕಳಿಗೆ ಪಾಠ ಹೇಳಲು ಒಬ್ಬನನ್ನು ಕಳಿಸುವುದಿತ್ತು. ಆ ಒಬ್ಬ ತಾನೇ ಎಂಬುದರಲ್ಲಿ ಚನ್ನಮಲ್ಲನಿಗೆ ಅನುಮಾನವಿರಲಿಲ್ಲ. ಪಂಚೆ ಒಗೆದು ಮಡಿಸಿಟ್ಟಿದ್ದ. ಆದರೆ ಪಾಠ ನಾಲ್ವರಿಗೂ ಇಳಿಯುವ ತನಕ ಯಾರನ್ನೂ ಮೇಲೆ ಕಳಿಸುವುದಿಲ್ಲ ಎಂದು ಅಯ್ಯನವರು ಹೇಳಿಬಿಟ್ಟಿದ್ದರು. ಮಡಿಸಿದ ಪಂಚೆಗೆ ಈಗ ಎರಡು ತಿಂಗಳು.

ಅಯ್ಯನವರು, "ಕೂತ್ಕೋ. ಒಂದು ಜೀಪಿನ ಕತೆ ಹೇಳ್ತೀನಿ" ಎಂದರು.

ನಾನು ನ್ಯಾಯ ಕೇಳಿದರೆ ಇವರು ಜೀಪು ತರುತ್ತಾರೆ ಎಂದುಕೊಂಡ ಚನ್ನಮಲ್ಲ. ಆದರೂ ಕೂತ. ಅಯ್ಯನವರು ಹೇಳಿದರು.

ನಮ್ಮ ಬೆಟ್ಟದ ಮೇಲೆ ಒಂದು ಊರು. ಅದಕ್ಕೆ ದಾರಿ ಎಂದರೆ ಕಲ್ಲು, ಕಲ್ಲಿನ ಮೇಲೆ ಕಲ್ಲು. ನಡುವೆ ಒಂದು ಹಳ್ಳ. ಹಳ್ಳ ದಾಟಿದರೆ ಎತ್ತುಬಿಚ್ಚುವ ಏರು. ಹಿಂದೆ ಗಾಡಿಯವರು ಅಲ್ಲಿ ಎತ್ತು ಬಿಚ್ಚಿ, ಮೂಟೆಗಳನ್ನು ತಲೆಯ ಮೇಲೆ ಹೊತ್ತು ಹೋಗುತ್ತಿದ್ದರು. ಅಂಥ ಏರು ಸುತ್ತ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಂದಿಲ್ಲ. ಬಯಲಿನ ಡ್ರೈವರುಗಳು ಅದನ್ನು ಕೆಳಗಿನಿಂದ ನೋಡಿ, ಒಂದು ಬೀಡಿ ಸೇದಿ, ವಾಪಸು ಹೋಗುತ್ತಾರೆ.

ಆ ಏರನ್ನು ಹತ್ತುವವನು ಒಬ್ಬ ಜೀಪಿನವನು. ಅವನೊಬ್ಬನೇ. ಸಂತೆಯ ದಿನ ಜನರನ್ನು ಇಳಿಸಿ ಮತ್ತೆ ಏರಿಸುತ್ತಿದ್ದ. ಜೀಪನ್ನು ಅವನು ಮದುವೆಯ ಹೆಣ್ಣಿನ ಹಾಗೆ ಇಟ್ಟಿದ್ದ. ದಿನಾ ಹಳ್ಳದಲ್ಲಿ ತೊಳೆತ. ಬಾಗಿಲಿನಲ್ಲಿ ಮುಖ ನೋಡಿಕೊಂಡು ಮೀಸೆ ತಿರುವಬಹುದು. ಅಷ್ಟೇ ಅಲ್ಲ, ಅಡಿಯಲ್ಲಿ ಮಲಗಿ ಶಾಫ್ಟನ್ನೂ ಒರೆಸುತ್ತಿದ್ದ. ಸೋಮವಾರಕ್ಕೊಮ್ಮೆ ಶಾಫ್ಟಿನ ಪ್ರತಿ ಗಂಟಿಗೂ ಗ್ರೀಸ್ ಗನ್ನಿನಿಂದ ಮೂರು ಒತ್ತು. ಎರಡಲ್ಲ, ನಾಲ್ಕಲ್ಲ. ಅವನಪ್ಪ ಮೂರು ಒತ್ತುತ್ತಿದ್ದ, ಇವನೂ ಮೂರು. ಒತ್ತಿ, ಒರೆಸಿ, ಕೈ ಕೊಡವಿ ಎದ್ದು ಬರುತ್ತಿದ್ದ.

ಮೇಲಿನ ಊರಿನಲ್ಲಿ ರಾಗಿ ಚೆನ್ನಾಗಿ ಬೆಳೆಯುತ್ತಿತ್ತು. ಬೀಸುವ ಗಿರಣಿ ಇರಲಿಲ್ಲ. ಹೆಂಗಸರು ರಾಗಿ ಹೊತ್ತು ಇಳಿಯಬೇಕು, ಹಿಟ್ಟು ಹೊತ್ತು ಏರಬೇಕು. ಜೀಪಿನಲ್ಲಿ ಜನಕ್ಕೇ ಜಾಗ ಸಾಲದು. ಮಳೆಗಾಲದಲ್ಲಂತೂ ಜೀಪೇ ಇಲ್ಲ. ಆ ವರ್ಷ ಊರಿಗೆ ಕರೆಂಟು ಬಂತು. ಹೆಂಗಸರು ಕೂಡಿ ಒಂದು ಗಿರಣಿ ತರಿಸಿದರು. ಗಿರಣಿ ಬಂದು ಬೆಟ್ಟದ ಬುಡದಲ್ಲಿ ಕುಳಿತಿತು. ಕಲ್ಲು, ಮೋಟಾರು, ಕಬ್ಬಿಣದ ಚೌಕಟ್ಟು ಸೇರಿ ಎಂಟಾಳು ಎತ್ತುವ ತೂಕ. ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು. ಹಳ್ಳ ಒಮ್ಮೆ ಬಂದರೆ ದೀಪಾವಳಿಯ ತನಕ ಗಾಲಿ ದಾಟುವುದಿಲ್ಲ.

ಊರಿನ ಹಿರಿಯಳು ಕೆಳಗಿಳಿದು ಬಂದು ಜೀಪಿನವನ ಮುಂದೆ ನಿಂತಳು.

"ನಿನ್ ಜೀಪು ಇದನ್ನ ಏರಿಸ್ತದೇನಪ್ಪ? ಆಗಲ್ಲ ಅಂದ್ರೆ ಈಗ್ಲೇ ಅಂದುಬುಡು. ಇನ್ನೊಂದು ಮಳೆಗಾಲ ಕತ್ತು ಮುರ್ಕೊಳ್ಳೋಕೆ ಹೆಂಗಸರಿಗೆ ನಾನು ಹೇಳಿಡಬೇಕು."

"ನನ್ನ ಕೇಳ್ತಿದ್ದೀಯಾ ಈ ಮಾತ?" ಎಂದ ಜೀಪಿನವನು. "ಕೇಳವ್ವ. ಹದಿನೈದು ದಿವಸದಿಂದ ನನ್ ಜೀಪಿನ ಹಿಂದೆ ಒಂದು ಹಕ್ಕಿ ಬತ್ತಾ ಅದೆ. ನಾ ಎಲ್ಲೋದ್ರೂ ಕೂಗ್ಕೊಂಡು ಬತ್ತದೆ. ಶಕುನ ಅಂದ್ರೆ ಅದು. ನಾಳೆ ಮದ್ಯಾನದೊಳಗೆ ನಿನ್ ಗಿರಣಿ ನಿನ್ ಬಾಗಿಲಲ್ಲಿರ್ತದೆ. ಇರದಿದ್ರೆ ಈ ಬೆಟ್ಟಕ್ಕೆ ನಾನು ಗಾಡಿ ತಿರುಗಿಸಲ್ಲ."

ಊರು ಕೇಳುವಂತೆ ಹೇಳಿದ ಮಾತು. ಹಿರಿಯಳು ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಅವನ ಗ್ರೀಸಿನ ಡಬ್ಬ ಬರಿದಾಗಿತ್ತು. ಅಂದು ಮಧ್ಯಾಹ್ನವೇ ದಸ್ತಗೀರ್ ಸಾಬರ ಗ್ಯಾರೇಜಿಗೆ ಹೋದ. ಗ್ಯಾರೇಜು ಎಂದರೆ ಒಂದು ಹುಣಸೆ ಮರ, ಮರದ ಕೆಳಗೆ ಆಳುದ್ದದ ಗುಂಡಿ. ಗಾಡಿ ಗುಂಡಿಯ ಮೇಲೆ ನಿಲ್ಲುತ್ತದೆ, ಸಾಬರು ಗುಂಡಿಯೊಳಗೆ ನಿಲ್ಲುತ್ತಾರೆ. ಹಗಲಲ್ಲಿ ಅವರ ಟೋಪಿಗಿಂತ ಹೆಚ್ಚು ಕಂಡವರಿಲ್ಲ.

"ಸಾಬ್ರೆ, ಗಂಟಿಗೆ ಮೂರ್ ಮೂರು ಒತ್ತು ಕೊಟ್ಟು ಕಳಿಸಿ. ಬೀಡಿ ಮುಗಿಯೋದ್ರೊಳಗೆ ಆಗ್ಬೇಕು" ಎಂದ ಜೀಪಿನವನು. ಬೀಡಿ ಹಚ್ಚಿ, ಹಕ್ಕಿಯ ಸಂಗತಿಯನ್ನು ಅವರಿಗೂ ಹೇಳಿದ.

ಸಾಬರು ಕೇಳಿದರು. "ಗಾಡಿ ನಿಂತಾಗ ಕೂಗ್ತದಾ?"

"ಇಲ್ಲ. ಅದೂ ನಿಂತ್ಕೊಳ್ತದೆ. ಅಷ್ಟು ನಿಯತ್ತು."

"ಜೋರಾಗಿ ಹೋದ್ರೆ?"

"ಅದೂ ಜೋರಾಗಿ ಕೂಗ್ತದೆ. ನನ್ ಸರಿಸಮ ಬರ್ಬೇಕಲ್ಲ."

ಸಾಬರು ನಗಲಿಲ್ಲ. ಗನ್ನು ತೆಗೆದುಕೊಂಡು ಗುಂಡಿಗಿಳಿದರು.

ಚನ್ನಮಲ್ಲ, ಶಾಫ್ಟಿನ ಗಂಟು ಏನೆಂದು ನಿನಗೆ ಗೊತ್ತಿರಲಾರದು. ಎಂಜಿನ್ನಿನ ಬಲವನ್ನು ಗಾಲಿಗೆ ಒಯ್ಯುವುದು ಒಂದು ಕಬ್ಬಿಣದ ಕೋಲು. ಬೆಟ್ಟದಲ್ಲಿ ಗಾಲಿ ಏಳುತ್ತದೆ, ಬೀಳುತ್ತದೆ. ಕೋಲು ಬಾಗುವುದಿಲ್ಲ. ಆದ್ದರಿಂದ ಕೋಲಿನ ಎರಡು ತುದಿಗೂ ಮೊಣಕೈಯಂಥ ಗಂಟು. ಗಂಟಿನ ಒಳಗೆ ನಾಲ್ಕು ತೋಳಿನ ಒಂದು ಕಬ್ಬಿಣ. ಪ್ರತಿ ತೋಳಿನ ತುದಿಗೂ ಒಂದು ಪುಟ್ಟ ಬಟ್ಟಲು ಕವುಚಿರುತ್ತದೆ. ಬಟ್ಟಲಿನೊಳಗೆ ಸೂಜಿಯಂಥ ಉರುಳೆಗಳು ಸುತ್ತ ನಿಂತಿರುತ್ತವೆ. ಇಷ್ಟಕ್ಕೂ ಗ್ರೀಸು ಹೋಗುವುದು ಗನ್ನಿನ ಬಾಯಿ ಕೂರುವ ನಡುವಿನ ಒಂದೇ ತೊಟ್ಟಿನಿಂದ. ಅಲ್ಲಿಂದ ಅದು ನಾಲ್ಕು ದಾರಿ ಹಿಡಿದು ನಾಲ್ಕು ಬಟ್ಟಲಿಗೆ ಹೋಗಬೇಕು. ಈ ಬಟ್ಟಲಿಗೆ ಮಾತ್ರ ಹೋಗು ಎಂದು ಗ್ರೀಸಿಗೆ ಹೇಳಲು ಯಾವ ಮೇಸ್ತ್ರಿಯಿಂದಲೂ ಆಗದು. ಒತ್ತಿದರೆ ನಾಲ್ಕಕ್ಕೂ ಒತ್ತಬೇಕು.

ಸಾಬರು ಮೊದಲು ತೊಟ್ಟನ್ನು ಬಟ್ಟೆಯಿಂದ ಒರೆಸಿದರು. ಕೊಳೆಯ ಮೇಲೆ ಗನ್ನಿಟ್ಟರೆ ಗ್ರೀಸಿಗಿಂತ ಮುಂಚೆ ಕೊಳೆ ಒಳಗೆ ಹೋಗುತ್ತದೆ. ಆಮೇಲೆ ಒತ್ತಿದರು. ಮುಂದಿನ ಗಂಟು ಸರಿಯಾಗಿತ್ತು. ಹಿಂದಿನ ಗಾಲಿಯ ಹತ್ತಿರದ ಗಂಟಿಗೆ ಬಂದರು. ಒಂದು ಒತ್ತಿಗೆ ಒಂದು ಬಟ್ಟಲ ಅಂಚಿನಿಂದ ಹಳೆಯ ಗ್ರೀಸು ಕಾಡಿಗೆಯ ಹಾಗೆ ಹೊರಬಂತು. ಅದರ ಹಿಂದೆ ಹೊಸದು ಜೇನಿನ ಬಣ್ಣದಲ್ಲಿ ಇಣುಕಿತು. ಎರಡನೆಯ ಬಟ್ಟಲೂ ಉಗುಳಿತು. ಮೂರನೆಯದೂ ಉಗುಳಿತು. ನಾಲ್ಕನೆಯದು ಸುಮ್ಮನಿತ್ತು.

ಜೀಪಿನವನು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡಿದ. "ಆ ಬಟ್ಟಲು ನೋಡಿ ಸಾಬ್ರೆ, ಕನ್ನಡಿ ಕನ್ನಡಿ ಇದ್ದಂಗೆ. ಒಂದು ದಿವಸ ಸೋರಿಲ್ಲ, ಗಲೀಜು ಮಾಡಿಲ್ಲ. ಉಳಿದ ಮೂರನ್ನೂ ಒರೆಸಿ ಒರೆಸಿ ನನ್ ಕೈ ಸವೆದೋಯ್ತು. ಇದೊಂದು ಬಂಗಾರ."

ಸಾಬರು ಮತ್ತೆ ಒತ್ತಿದರು. ಮೂರು ಒತ್ತು ದಾಟಿತು, ಹತ್ತು ದಾಟಿತು, ಇಪ್ಪತ್ತು ದಾಟಿತು. ಮೂರು ಬಟ್ಟಲಿನಿಂದ ಹೊಸ ಗ್ರೀಸೇ ಉಂಡೆಯುಂಡೆಯಾಗಿ ಗುಂಡಿಗೆ ಬೀಳತೊಡಗಿತು.

"ಉಂಡ ಮೂವರಿಗೇ ಬಡಿಸ್ತಾ ಇದ್ದೀರಲ್ಲ. ಗ್ರೀಸೇನು ಮಾವನ ಮನೇದಾ?"

"ಉಂಡೋರು ತೇಗ್ತಾ ಅವ್ರೆ, ಕೇಳಿಸ್ತಾ ಅದೆ" ಎಂದರು ಸಾಬರು. "ತೇಗದೋನ ಎಲೆ ನೋಡ್ತಾ ಇವ್ನಿ."

ಜೀಪನ್ನು ಒಂದು ಗೇಣು ಮುಂದೆ ತಳ್ಳಿಸಿ ಒತ್ತಿದರು. ಹಾರೆ ಕೊಟ್ಟು ಗಂಟನ್ನು ಪಕ್ಕಕ್ಕೆ ಮೀಟಿ, ಆ ಬಟ್ಟಲಿನ ಬಿಗಿ ಸಡಿಲಿಸಿ ಒತ್ತಿದರು. ಬಿಸಿನೀರಿನಲ್ಲಿ ಅದ್ದಿದ ಗೋಣಿಯನ್ನು ಸುತ್ತಿ, ಕಾದು, ಮತ್ತೆ ಒತ್ತಿದರು. ಮೂರು ಉಗುಳಿದವು. ನಾಲ್ಕನೆಯದು ಬಾಯಿ ಬಿಡಲಿಲ್ಲ. ಸಾಬರು ಗನ್ನು ಕೆಳಗಿಟ್ಟು ಸ್ಪ್ಯಾನರು ಎತ್ತಿಕೊಂಡರು.

ಜೀಪಿನವನು ಎದ್ದು ನಿಂತ. ಮೋಡ ನೋಡಿದ. ಬಿಚ್ಚಿದರೆ ಸಂಜೆಯಾಗುತ್ತದೆ. ಬಿಚ್ಚಿದ್ದು ಕೂಡದೆ ಹೋದರೆ ನಾಳೆ ಹೋಯಿತು. ನಾಳೆ ಹೋದರೆ ಹಳ್ಳ ಬರುತ್ತದೆ, ಗಿರಣಿ ಕೆಳಗೇ ತುಕ್ಕು ಹಿಡಿಯುತ್ತದೆ, ಅವನ ಮಾತು ಹಿರಿಯಳ ಸೆರಗಿನಲ್ಲೇ ಕೊಳೆಯುತ್ತದೆ.

"ಬಿಚ್ಚೋದು ಬ್ಯಾಡ ಸಾಬ್ರೆ. ಮೂರು ತಗೊಂಡವಲ್ಲ, ಸಾಕು. ನೂರು ಸಲ ಏರಿದ್ದೀನಿ ಇದ್ರಲ್ಲೇ."

ಗುಂಡಿಯೊಳಗಿನಿಂದ ಮಾತು ಬಂತು. "ಏರಿಸೋದು ಮೂರು. ಉರುಳಿಸೋದು ಒಂದು."

ಜೀಪಿನವನಿಗೆ ಸಿಟ್ಟು ಬಂತು. ಹೋಗಿ ಜೀಪಿನಲ್ಲಿ ಕೂತ. ಕೀಲಿ ತಿರುವಿದ. ಎಂಜಿನ್ನು ಹೊತ್ತಿಕೊಂಡಿತು. ಅಷ್ಟರಲ್ಲಿ ಕೆಳಗೆ ದಡ್ಡೆಂದು ಏನೋ ಬಿತ್ತು. ಇಳಿದು ಬಗ್ಗಿದರೆ, ಶಾಫ್ಟು ಆಗಲೇ ಸಾಬರ ಹೆಗಲ ಮೇಲಿತ್ತು.

"ಹೋಗೋದಾದ್ರೆ ಹೋಗಿ" ಎಂದರು ಸಾಬರು. "ಇದು ಇಲ್ಲಿರ್ತದೆ."

ಜೀಪಿನವನು ಎಂಜಿನ್ನು ಆರಿಸಿ ಮರದ ಕೆಳಗೆ ಹೋಗಿ ಕೂತ. ನೆಲ ನೋಡುತ್ತಾ ಕೂತ.

ಸಾಬರು ಆ ಬಟ್ಟಲನ್ನು ಬಡಿದು ಬಿಡಿಸಿದರು. ಹೊರಗೆ ಕನ್ನಡಿ. ಒಳಗೆ ಗ್ರೀಸಿನ ಗುರುತೂ ಇರಲಿಲ್ಲ. ಒಂದು ಚಮಚದಷ್ಟು ಕೆಂಪು ಪುಡಿ ಇತ್ತು. ಇಪ್ಪತ್ತರ ಮೇಲಿರಬೇಕಾದ ಸೂಜಿಗಳಲ್ಲಿ ಐದು ಉಳಿದಿದ್ದವು. ಮಿಕ್ಕವೆಲ್ಲ ಆ ಪುಡಿ. ತೋಳಿನ ಕಬ್ಬಿಣ ಇಲಿ ಕಡಿದ ಹಾಗೆ ಸವೆದಿತ್ತು. ಒಣಗಿದ ಸೂಜಿಗಳು ಇಷ್ಟು ದಿನ ಉಜ್ಜಿ ಉಜ್ಜಿ ಕಿರಗುಟ್ಟುತ್ತಿದ್ದವು. ಗಾಲಿ ನಿಂತರೆ ನಿಲ್ಲುತ್ತಿದ್ದವು, ಓಡಿದರೆ ಕೂಗುತ್ತಿದ್ದವು. ಸಾಬರು ಗುಂಡಿಯಿಂದ ಮೇಲೆ ಬಂದು ಆ ಪುಡಿಯನ್ನು ಜೀಪಿನವನ ಅಂಗೈಗೆ ಸುರಿದರು.

"ತಗೊಳ್ಳಿ. ನಿಮ್ ಹಕ್ಕಿ."

ಜೀಪಿನವನು ಅಂಗೈ ನೋಡಿಕೊಂಡ. ಹದಿನೈದು ದಿನದಲ್ಲಿ ಎರಡು ಸಂತೆ. ಎರಡು ಸಂತೆಯಲ್ಲಿ ಜೀಪಿನಲ್ಲಿ ಕೂತವರ ಮುಖಗಳನ್ನು ಒಂದೊಂದಾಗಿ ನೆನೆದ. ಅದರಲ್ಲಿ ಮೂರು ಕೈಗೂಸುಗಳಿದ್ದವು. "ಮೂರು ಒತ್ತು ಕೊಡ್ತಾನೇ ಇದ್ನಲ್ಲ ಸಾಬ್ರೆ" ಎಂದ.

"ಕೊಟ್ರಿ. ಅದು ದಾರಿ ಇದ್ದ ಕಡೆಗೇ ಹೋಯ್ತು. ಹೊಸದು ಒಳಗೆ ಹೋಯ್ತು ಅಂತ ತಿಳಿಯೋದು ಹಳೇದು ಈಚೆಗೆ ಬಂದಾಗ. ಈಚೆಗೆ ಏನೂ ಬರ್ದೇ ಇದ್ರೆ ಅದು ಚೊಕ್ಕಟ ಅಲ್ಲ, ಒಣಗಿರೋದು."

ಹೊಸ ಗಂಟಿನ ಸಾಮಾನು ಪೇಟೆಯಲ್ಲಿ ಸಿಗಬೇಕು. ಪೇಟೆಗೆ ಹೋಗಿ ಬರಲು ಎರಡು ದಿನ. ಮರದ ಆಚೆ ಸಾಬರ ಸ್ವಂತ ಜೀಪು ನಿಂತಿತ್ತು. ಅದರಲ್ಲೇ ಅವರು ದಿನಾ ಮೂರು ಹರದಾರಿ ದೂರದ ತಮ್ಮ ಊರಿಗೆ ಹೋಗಿ ಬರುವುದು. ಸಾಬರು ಸ್ಪ್ಯಾನರು ಹಿಡಿದು ಅತ್ತ ನಡೆದರು. ಆ ಜೀಪಿನ ಕೆಳಗೆ ನುಗ್ಗಿದರು. ಅದರ ಗಂಟು ಬಿಚ್ಚಿ ತಂದು ಇದಕ್ಕೆ ಹಾಕಿದರು. ಪೇಟೆಗೆ ಹೋಗುವವರ ಕೈಲಿ ಹೊಸದು ತರಿಸುವ ತನಕ ಐದು ದಿನ ಮನೆಗೆ ನಡೆದುಕೊಂಡು ಹೋದರು. ಅದನ್ನು ಅವರು ಯಾರಿಗೂ ಹೇಳಲಿಲ್ಲ. ದಾರಿಯಲ್ಲಿ ಕಂಡವರು ಹೇಳಿದ್ದು. ಚನ್ನಮಲ್ಲ, ನಾನು ದೊಡ್ಡ ದೊಡ್ಡ ಪೀಠ ನೋಡಿದ್ದೇನೆ, ಪೀಠದ ಮೇಲೆ ಕೂತವರನ್ನೂ ನೋಡಿದ್ದೇನೆ. ಆ ಗುಂಡಿಯಷ್ಟು ಎತ್ತರದ ಜಾಗ ನಾನು ಬೇರೆ ನೋಡಿಲ್ಲ.

ಹೊಸದಾಗಿ ಕೂಡಿಸಿದ ಗಂಟಿಗೆ ಸಾಬರು ಗನ್ನಿಟ್ಟರು. ಈ ಸಲ ಜೀಪಿನವನೂ ಗುಂಡಿಗಿಳಿದಿದ್ದ. ಒಂದು ಉಗುಳಿತು. ಎರಡು. ಮೂರು. ಆರನೆಯ ಒತ್ತಿಗೆ ನಾಲ್ಕನೆಯದೂ ಉಗುಳಿತು. ಜೀಪಿನವನು ಅಭ್ಯಾಸಬಲದಿಂದ ಒರೆಸಲು ಬಟ್ಟೆ ಎತ್ತಿದ. ಎತ್ತಿದ ಕೈ ತಾನೇ ಇಳಿಯಿತು.

ಬೆಳಿಗ್ಗೆ ಗಿರಣಿ ಹೇರಿದರು. ಹಿರಿಯಳು ಮುಂದೆ ಕೂತಳು. ಎಂಟು ಹೆಂಗಸರು ಗಾಲಿಗೆ ಅಡ್ಡ ಕೊಡಲು ಕಲ್ಲು ಹಿಡಿದು ಹಿಂದೆ ನಡೆದರು. ಹಳ್ಳ ದಾಟಿತು. ಎತ್ತುಬಿಚ್ಚುವ ಏರು ಬಂತು. ಜೀಪು ಮೂಗೆತ್ತಿತು. ಭಾರವೆಲ್ಲ ಹಿಂದಕ್ಕೆ ಬಿತ್ತು. ಗಾಲಿಗಳು ಏಳುತ್ತಾ ಬೀಳುತ್ತಾ ಕಲ್ಲು ಕಚ್ಚಿದವು. ಜೀಪಿನವನು ಕಿವಿಗೊಟ್ಟ. ಹಕ್ಕಿ ಕೂಗಲಿಲ್ಲ. ಒಂದು ಕ್ಷಣ, ಶಕುನ ಕೈಬಿಟ್ಟಿತು ಎಂದುಕೊಂಡ. ಮರುಕ್ಷಣ ಅಂಗೈಯ ಕೆಂಪು ಪುಡಿ ನೆನಪಾಯಿತು. ಕಾಲು ಹಗುರವಾಗಿ ಒತ್ತಿದ. ಜೀಪು ಏರಿತು. ಹಿಂದೆ ಹಿಡಿದ ಎಂಟು ಕಲ್ಲಿನಲ್ಲಿ ಒಂದನ್ನೂ ನೆಲಕ್ಕೆ ಇಡುವ ಕೆಲಸ ಬೀಳಲಿಲ್ಲ.

ಏರು ಮುಗಿದ ಮೇಲೆ ಹಿರಿಯಳು ಕೇಳಿದಳು. "ಎಲ್ಲಪ್ಪ ನಿನ್ ಹಕ್ಕಿ? ಕೂಗ್ಲೇ ಇಲ್ಲ."

"ಸಾಬ್ರು ಹಿಡ್ಕೊಂಡ್ರು ಕನವ್ವ."

ಮೂರನೆಯ ದಿನ ಹಳ್ಳ ಬಂತು. ಆ ಮಳೆಗಾಲ ಯಾವ ಹೆಂಗಸೂ ರಾಗಿ ಹೊತ್ತು ಬೆಟ್ಟ ಇಳಿಯಲಿಲ್ಲ. ಜೀಪಿನವನು ಇಂದಿಗೂ ಸೋಮವಾರ ಜೀಪಿನ ಕೆಳಗೆ ಮಲಗುತ್ತಾನೆ. ಒತ್ತು ಎಣಿಸುವುದಿಲ್ಲ, ಬಾಯಿ ಎಣಿಸುತ್ತಾನೆ. ನಾಲ್ಕು ಉಗುಳುವ ತನಕ ಏಳುವುದಿಲ್ಲ.

ಇಷ್ಟು ಹೇಳಿ ಅಯ್ಯನವರು ಕತೆ ಮುಗಿಸಿದರು.

ಚನ್ನಮಲ್ಲನ ಮುಖ ಅರಳಿತು. ಕತೆ ಅವನಿಗೆ ಒಂದೇ ಸಲಕ್ಕೆ ತಿಳಿದಿತ್ತು. ಅವನಿಗೆ ಯಾವುದು ತಾನೇ ಒಂದೇ ಸಲಕ್ಕೆ ತಿಳಿಯುವುದಿಲ್ಲ. "ತಿಳಿಯಿತು ಅಯ್ಯನವರೇ" ಎಂದ. "ಸಾಬರು ನೀವು. ಉಗುಳಿದ ಮೂವರು ನಾವು. ಒಣಗಿದ ಬಟ್ಟಲು ಪುಟ್ಟಮಾದ. ಇನ್ನು ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಅವನಿಗಾಗಿ ನೀವು ನೂರು ಸಲ ಹೇಳಿ. ನಾನು ಪಕ್ಕದಲ್ಲೇ ಕೂತಿರುತ್ತೇನೆ."

ದೊಡ್ಡ ಮನಸ್ಸಿನಿಂದಲೇ ಹೇಳಿದ. ಹೇಳಿದ್ದು ಅವನಿಗೇ ಹಿತವಾಗಿತ್ತು.

ಅಯ್ಯನವರು ಕೈ ಚಾಚಿ ಪುಟ್ಟಮಾದನ ಪುಸ್ತಕ ತೆಗೆದುಕೊಂಡರು. ತೆರೆದರು. ಗೀಟಿನ ಮೇಲೆ ಗೀಟು, ಚಿತ್ತಿನ ಮೇಲೆ ಚಿತ್ತು. ಬಿಡಿಸಿದ ಆ ಹಾಳೆಯನ್ನು ಚನ್ನಮಲ್ಲನ ಕಡೆಗೆ ತಿರುಗಿಸಿ ನೆಲದ ಮೇಲಿಟ್ಟರು. ಆಮೇಲೆ ಚನ್ನಮಲ್ಲನ ಪುಸ್ತಕ ತೆಗೆದುಕೊಂಡರು. ಮೊದಲ ಹಾಳೆಯಿಂದ ಕೊನೆಯ ಹಾಳೆಯ ತನಕ ಒಂದೊಂದಾಗಿ ತಿರುವಿದರು. ಯಾವ ಹಾಳೆಯಲ್ಲೂ ಒಂದು ಕಲೆಯಿರಲಿಲ್ಲ. ಮುಚ್ಚಿ, ಎರಡೂ ಕೈಯಿಂದ ಅವನ ಕೈಗೆ ಕೊಟ್ಟು ಕೇಳಿದರು:

"ಒಣಗಿದ ಬಟ್ಟಲು ಪುಟ್ಟಮಾದ ಎಂದು ನಿನಗೆ ಹೇಳಿದವರು ಯಾರು, ಚನ್ನಮಲ್ಲ?"